ಕಿವಿಯು ದಿಕ್ಕನ್ನು ಅರಿಯುವ ಬಗೆ

ಮಾನವಿ, ದೇವದುರ್ಗಗಳ ಹಳೆಯ ಮನೆಗಳಲ್ಲಿ ಅಡಿಗೆಯ ಮನೆಯು ತಲಬಾಗಿಲಿಗೆ ಬಲು ದೂರ. ನಡುವೆ ಪಡಸಾಲೆ, ಅದರ ಹಿಂದೆ ನಡುಮನೆ, ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಅಂಗೈಯಗಲದ ಬೆಳಕು. ಬೆಳಗಿನ ಹೊತ್ತಿನಲ್ಲಿ ದಾಸರೊಬ್ಬರು ತಂಬೂರಿ ಮೀಟುತ್ತ ಓಣಿಯಲ್ಲಿ ಹಾಡಿಕೊಂಡು ಬಂದರೆ, ಒಲೆಯ ಮುಂದೆ ಕುಳಿತ ನಮ್ಮ ಅಜ್ಜಿಯು ಎದ್ದು ಹೋಗಿ ನೋಡುತ್ತಿರಲಿಲ್ಲ. “ಇನ್ನೂ ಮೂಲಿಮನಿ ಮುಂದ ಅದಾರ, ಅವಸರ ಬ್ಯಾಡ” ಎನ್ನುವಳು. ತುಸು ಹೊತ್ತಿನ ಮೇಲೆ, “ಈಗ ನಮ್ಮ ಕಟ್ಟೀಗೆ ಬಂದ್ರು, ಜೋಳ ನೀಡು ಹೋಗು” ಎಂದು ಮೊರವನ್ನು ನಮ್ಮ ಕೈಗೆ ಕೊಡುವಳು. ನಾವು ಓಡಿಹೋಗಿ ನೋಡಿದರೆ ದಾಸರು ಸರಿಯಾಗಿ ನಮ್ಮ ಕಟ್ಟೆಯ ಮುಂದೆಯೇ ನಿಂತಿರುವರು. ಎರಡು ಗೋಡೆಗಳಾಚೆಯ ಹಾಡಿಗೆ ಅವಳು ಹೇಳಿದ ಸ್ಥಳವು ಒಂದು ದಿನವೂ ತಪ್ಪಿದುದಿಲ್ಲ.

ಈ ಸೀಮೆಯು ದಾಸರ ಸೀಮೆಯೆಂಬುದು ವಾಚಕರಿಗೆ ತಿಳಿದ ಮಾತೇ. ವಿಜಯದಾಸರು ಮಾನವಿ ತಾಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನವಿಯಲ್ಲಿ ನೆಲಸಿ ೧೮೦೯ರಲ್ಲಿ ಅಲ್ಲಿಯೇ ದೇಹವಿಟ್ಟರು. ಅವರ ಹಾಡುಗಳ ತತ್ತ್ವವನ್ನೂ ರಾಗತಾಳಗಳನ್ನೂ ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆಯು ಅದಕ್ಕಿಂತ ತೀರ ಸಣ್ಣದು: ಹಾಡು ಯಾವ ಬಾಗಿಲಿನಿಂದ ಬರುತ್ತಿದೆ ಎಂಬುದನ್ನು ಕಣ್ಣಿನ ನೆರವಿಲ್ಲದೆ ಕಿವಿಯು ಹೇಗೆ ಬಲ್ಲುದು?

ಪ್ರಶ್ನೆಯು ಸಣ್ಣದಾದರೂ ಸುಲಭವಾದುದಲ್ಲ. ಕಣ್ಣಿನೊಳಗೆ ಒಂದು ತೆರೆಯುಂಟು. ಎಡಗಡೆಯ ವಸ್ತುವಿನ ಬಿಂಬವು ಅದರ ಒಂದು ಕಡೆ, ಬಲಗಡೆಯದು ಇನ್ನೊಂದು ಕಡೆ ಬೀಳುತ್ತದೆ. ಆದುದರಿಂದ ದಿಕ್ಕು ಕಣ್ಣಿಗೆ ಬರೆದುಕೊಟ್ಟಂತೆಯೇ ದೊರೆಯುತ್ತದೆ. ಕಿವಿಗೆ ಅಂತಹ ತೆರೆಯಿಲ್ಲ. ಇರುವುದು ಒಂದು ಸಣ್ಣ ತಮಟೆ. ಪೂರ್ವದಿಂದ ಬಂದ ಶಬ್ದವೂ ಪಶ್ಚಿಮದಿಂದ ಬಂದ ಶಬ್ದವೂ ಆ ತಮಟೆಯನ್ನು ಒಂದೇ ರೀತಿಯಾಗಿ ಅಲುಗಿಸುವುವು. ಹಾಗಿರುವಲ್ಲಿ ದಿಕ್ಕಿನ ಅರಿವು ಎಲ್ಲಿಂದ ಹುಟ್ಟಿತು?

ನಮ್ಮ ಪೂರ್ವಿಕರು ಈ ಶಕ್ತಿಯನ್ನು ಗಮನಿಸಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಶಬ್ದವನ್ನು ಮಾತ್ರ ಕೇಳಿ ಗುರಿಯನ್ನು ಹೊಡೆಯುವವನು ಶಬ್ದವೇಧಿ. ಮಹಾಭಾರತದ ಏಕಲವ್ಯನು ಬೊಗಳುವ ನಾಯಿಯ ಬಾಯೊಳಗೆ ಏಳು ಬಾಣಗಳನ್ನು ತುಂಬಿದ ಕಥೆಯನ್ನು ಮಕ್ಕಳೂ ಬಲ್ಲರು. ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ರಾಮಾಯಣದ ದಶರಥನ ಕಥೆ. ಮಳೆಗಾಲದ ರಾತ್ರಿ, ಸರಯೂನದಿಯ ದಡ, ಕಣ್ಣಿಗೆ ಏನೂ ಕಾಣದು. ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯು ನೀರು ಕುಡಿಯುವ ಸದ್ದೆಂದು ತಿಳಿದು ದೊರೆಯು ಬಾಣವನ್ನು ಬಿಟ್ಟನು. ಬಾಣವು ನಾಟಿತು, ನರಳಿದವನು ಮುದಿ ತಂದೆತಾಯಿಗಳಿಗೆ ನೀರು ತರಲು ಬಂದಿದ್ದ ಮಗನು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಶರಥನ ಕಿವಿಯು ದಿಕ್ಕಿನಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪಿದುದು ಗುರುತಿನಲ್ಲಿ. ಶಬ್ದವು ಎಲ್ಲಿಂದ ಬಂದಿತು ಎಂಬುದು ಒಂದು ಜ್ಞಾನ, ಅದು ಯಾವುದರ ಶಬ್ದ ಎಂಬುದು ಇನ್ನೊಂದು ಜ್ಞಾನ. ಮಿದುಳಿನಲ್ಲಿ ಈ ಎರಡು ಕೆಲಸಗಳು ಬಹುಮಟ್ಟಿಗೆ ಬೇರೆಬೇರೆ ದಾರಿಗಳಲ್ಲಿ ನಡೆಯುವುವೆಂದು ಶರೀರಶಾಸ್ತ್ರಜ್ಞರು ೨೦೦೦ನೆಯ ಇಸವಿಯ ಸುಮಾರಿಗೆ ತೋರಿಸಿಕೊಟ್ಟರು. ಆದಿಕವಿಯ ಕಥೆಯಲ್ಲಿ ಒಂದು ದಾರಿಯು ಗುರಿ ಮುಟ್ಟಿತು, ಇನ್ನೊಂದು ಎಡವಿತು.

ಕವಿಗಳು ಕಥೆ ಹೇಳಿದರೆ ತಾರ್ಕಿಕರು ಜಗಳವಾಡಿದರು. ಶಬ್ದವು ಹುಟ್ಟಿದೆಡೆಯಿಂದ ಕಿವಿಯವರೆಗೆ ನೀರಿನ ತೆರೆಯಂತೆ ಒಂದರಿಂದೊಂದಾಗಿ ಸಾಗಿ ಬರುವುದೆಂಬುದು ವೀಚೀತರಂಗನ್ಯಾಯ. ಕದಂಬದ ಹೂವಿನ ಎಸಳುಗಳಂತೆ ಎಲ್ಲ ದಿಕ್ಕುಗಳಿಗೂ ಒಮ್ಮೆಗೇ ಹೊಮ್ಮುವುದೆಂಬುದು ಕದಂಬಗೋಳಕನ್ಯಾಯ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಶಬ್ದವು ಕಿವಿಯನ್ನು ಬಂದು ಮುಟ್ಟಲೇಬೇಕು. ಬೌದ್ಧರು ಇದನ್ನು ಒಪ್ಪಲಿಲ್ಲ. ಕಣ್ಣು, ಕಿವಿ, ಮನಸ್ಸು ಈ ಮೂರೂ ತಮ್ಮ ವಿಷಯವನ್ನು ಮುಟ್ಟದೆಯೇ ತಿಳಿಯುತ್ತವೆಂದು ವಸುಬಂಧುವಿನ ಅಭಿಧರ್ಮಕೋಶವು ಹೇಳುತ್ತದೆ. ಮುಟ್ಟಿದ ಮೇಲೆಯೇ ತಿಳಿಯುವುದಾದರೆ ನಾಲಗೆಗೆ ರುಚಿಯು ತಿಳಿದಂತೆ ಶಬ್ದವೂ ಕಿವಿಯಲ್ಲಿಯೇ ಇದ್ದಂತೆ ತೋರಬೇಕಲ್ಲವೆ? ದೂರವೂ ದಿಕ್ಕೂ ತಿಳಿಯುವುದೇಕೆ? ಇದು ಬೌದ್ಧಪಕ್ಷದ ಬಲವಾದ ಆಕ್ಷೇಪ. ಜೈನರು ಕಿವಿಯನ್ನು ಮುಟ್ಟಿ ತಿಳಿಯುವ ಇಂದ್ರಿಯಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದರು. ತತ್ತ್ವಾರ್ಥಸೂತ್ರವು ಕಣ್ಣು ಮನಸ್ಸುಗಳೆರಡನ್ನು ಮಾತ್ರ ಹೊರಗಿಟ್ಟಿದೆ. ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಕನ್ನಡನಾಡಿನ ಆಚಾರ್ಯರು. ಶಬ್ದವು ಕಿವಿಯನ್ನು ಮುಟ್ಟುವುದೆಂಬ ಪಕ್ಷಕ್ಕೆ ಇಂದಿನ ಭೌತಶಾಸ್ತ್ರವು ಜಯಪತ್ರವನ್ನು ಕೊಟ್ಟಿದೆ. ಆದರೆ ಬೌದ್ಧರ ಆಕ್ಷೇಪವು ಮಾತ್ರ ಉತ್ತರವಿಲ್ಲದೆ ಬಹುಕಾಲ ಉಳಿಯಿತು. ವಾದವೆಲ್ಲ ಶ್ರೋತ್ರವೆಂಬ ಒಂದು ಇಂದ್ರಿಯದ ಸುತ್ತ ನಡೆಯಿತು. ಉತ್ತರವು ಅಡಗಿದ್ದುದು ಕಿವಿಗಳು ಎರಡಾಗಿರುವುದರಲ್ಲಿ.

ನಮ್ಮ ರಾಯಚೂರಿನ ಚರಿತ್ರೆಯಲ್ಲಿ ಕಿವಿಯು ಪೂರ್ತಿಯಾಗಿ ಸೋತ ಒಂದು ದಿನವುಂಟು. ೧೫೨೦ನೆಯ ಇಸವಿಯ ಮೇ ತಿಂಗಳ ೧೯ನೆಯ ತಾರೀಖು, ಶನಿವಾರವೆಂದು ಸಿವೆಲ್ ಎಂಬ ಚರಿತ್ರಕಾರನು ಗುಣಿಸಿದ್ದಾನೆ. ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿರಲು, ಇಸ್ಮಾಯಿಲ್ ಆದಿಲ್‌ಶಾಹನು ಕೃಷ್ಣೆಯನ್ನು ದಾಟಿ ಬಂದನು. ನದಿಯ ಕಡೆಗೆ ಸಾಗಿ ರಾಯನು ಅವನನ್ನು ಎದುರಿಸಿದನು. ಈ ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ಮೇಲೆ ವಿಜಯನಗರದಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ವರ್ತಕನು ಇದರ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಬೆಳಗಾಗುತ್ತಲೇ ರಾಯನ ಪಾಳೆಯದಲ್ಲಿ ನಗಾರಿ ಕಹಳೆಗಳು ಮೊಳಗಿ ಸೈನಿಕರು ಬೊಬ್ಬಿರಿದಾಗ ಆಕಾಶವೇ ಕೆಳಗೆ ಬೀಳುವಂತೆ ತೋರಿತಂತೆ. ಕುದುರೆಗಳ ಕೆನೆತವೂ ಆನೆಗಳ ಘೀಳಿಡುವಿಕೆಯೂ ಅದಕ್ಕೆ ಕೂಡಿಕೊಂಡು, ಸದ್ದು ಮಾಡಿದವರೇ ತಮ್ಮ ಸದ್ದಿಗೆ ಹೆದರಿದರಂತೆ. ಎದುರು ಪಕ್ಷದಲ್ಲಿಯೂ ಅಷ್ಟೇ ಗದ್ದಲ. ಒಬ್ಬರಿಗೊಬ್ಬರ ಮಾತು ಕೇಳದೆ ಕೈಸನ್ನೆಯಿಂದಲೇ ಕೇಳಿ ತಿಳಿಯಬೇಕಾಯಿತೆಂದು ಅವನು ಬರೆದಿರುತ್ತಾನೆ. ಅವನು ಕೊಡುವ ಸೈನ್ಯದ ಲೆಕ್ಕವನ್ನು ನಂಬುವುದು ಕಷ್ಟ, ಕಾಲಾಳುಗಳೇ ಏಳು ಲಕ್ಷಕ್ಕೆ ಮೇಲಂತೆ! ಆದರೆ ಕೈಸನ್ನೆಯ ಮಾತನ್ನು ನಾನು ನಂಬುತ್ತೇನೆ. ಹಲವು ದನಿಗಳ ನಡುವೆ ಒಂದು ದನಿಯನ್ನು ಆರಿಸಿ ಕೇಳುವುದಕ್ಕೆ ಅದು ಬರುವ ದಿಕ್ಕು ನಮಗೆ ಬಹಳ ನೆರವಾಗುತ್ತದೆ. ಜಾತ್ರೆಯ ಜನಜಂಗುಳಿಯಲ್ಲಿಯೂ ಮಗ್ಗುಲಲ್ಲಿರುವ ಹೆಂಡತಿಯ ಮಾತು ತಿಳಿಯುವುದು ಈ ಬಲದಿಂದ. ೧೯೫೩ರಲ್ಲಿ ಲಂಡನ್ನಿನ ಕಾಲಿನ್ ಚೆರಿ ಎಂಬ ವಿದ್ವಾಂಸನು ಇದನ್ನು ಪ್ರಯೋಗಗಳಿಗೆ ಗುರಿಮಾಡಿದನು. ಸುತ್ತಲೂ ಒಂದೇ ಸಮನಾಗಿ ಗದ್ದಲವು ಕವಿದರೆ ಆ ಬಲವು ಕುಂದುತ್ತದೆ. ಆಗ ಉಳಿಯುವುದು ಕಣ್ಣು, ಬಾವುಟ, ಕೈಸನ್ನೆ.

ರಾಯಚೂರನ್ನು ಮುಂದೆ ಆಳಿದ ಆದಿಲ್‌ಶಾಹಿಗಳೇ ಕಿವಿಯನ್ನು ಇನ್ನೊಂದು ಬಗೆಯಲ್ಲಿ ಮೋಸಗೊಳಿಸುವ ಕಟ್ಟಡವನ್ನು ವಿಜಾಪುರದಲ್ಲಿ ಕಟ್ಟಿದರು. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸವು ಸುಮಾರು ೧೨೪ ಅಡಿ. ಅದರ ಒಳಸುತ್ತಿನ ಮೊಗಸಾಲೆಯಲ್ಲಿ ಎದುರುಬದುರಾಗಿ ಇಬ್ಬರು ಗೋಡೆಗೆ ಮುಖಮಾಡಿ ನಿಂತು ಪಿಸುಗುಟ್ಟಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುವುದು. ಪ್ರವಾಸಿಗಳೆಲ್ಲರೂ ಕೇಳಿ ಚಪ್ಪಾಳೆ ತಟ್ಟಿ ನಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಗಮನಿಸುತ್ತಾರೋ ಅರಿಯೆ: ಮಾತು ಕೇಳುವುದು ಎದುರಿಗಿರುವ ಗೆಳೆಯನ ಕಡೆಯಿಂದಲ್ಲ, ತಮ್ಮ ಭುಜದ ಪಕ್ಕದ ಗೋಡೆಯಿಂದ. ಗೋಡೆಯಲ್ಲಿ ಯಾರೋ ಅಡಗಿ ಕುಳಿತಂತೆ! ಇದು ಕಿವಿಯ ತಪ್ಪಲ್ಲ. ಬಾಗಿದ ಗೋಡೆಯನ್ನು ಅಪ್ಪಿಕೊಂಡು ಶಬ್ದವು ತೆವಳುತ್ತ ಬರುವುದೆಂದು ಇಂಗ್ಲೆಂಡಿನ ಲಾರ್ಡ್ ರ್‍ಯಾಲೆಯು ಲಂಡನ್ನಿನ ಸಂತ ಪಾಲನ ಇಗರ್ಜಿಯ ಗುಮ್ಮಟವನ್ನು ಕುರಿತು ವಿವರಿಸಿದ್ದನು. ೧೯೨೧ರಲ್ಲಿ ಅದೇ ಗುಮ್ಮಟದಲ್ಲಿ ಪ್ರಯೋಗ ನಡಸಿ, ರ್‍ಯಾಲೆಯ ವಿವರಣೆಗೆ ಪೂರ್ತಿಯಾಗಿ ಅಡಗದ ಏರಿಳಿತಗಳು ಆ ಶಬ್ದದಲ್ಲಿ ಇರುವುವೆಂದು ತೋರಿಸಿದವರು ಚಂದ್ರಶೇಖರ ವೆಂಕಟರಾಮನ್ನರು. ಊರಿಗೆ ಮರಳಿದ ಮೇಲೆ ಅವರು ನಮ್ಮ ದೇಶದ ಪಿಸುಗುಟ್ಟುವ ಗುಮ್ಮಟಗಳನ್ನು ಕುರಿತು ಬರೆದರು. ಅವುಗಳಲ್ಲಿ ಗೋಳಗುಮ್ಮಟವೂ ಒಂದು. ಶಬ್ದವು ಯಾವ ಕಡೆಯಿಂದ ಕಿವಿಯನ್ನು ಹೊಕ್ಕಿತೋ ಆ ಕಡೆಯನ್ನೇ ಕಿವಿಯು ಪ್ರಾಮಾಣಿಕವಾಗಿ ಹೇಳುತ್ತದೆ. ಮೋಸಗಾರನು ಗೋಡೆ.

ಇನ್ನು ಎರಡು ಕಿವಿಗಳ ಗುಟ್ಟಿಗೆ ಬರೋಣ. ೧೭೯೦ರ ದಶಕದಲ್ಲಿ ವೆಂಚುರಿಯೆಂಬ ಇಟಲಿಯ ಪಂಡಿತನು ಬಯಲಿನಲ್ಲಿ ಒಬ್ಬನನ್ನು ಕಣ್ಣುಕಟ್ಟಿ ನಿಲ್ಲಿಸಿ, ದೂರದಲ್ಲಿ ಅವನ ಸುತ್ತ ನಡೆಯುತ್ತ ಕೊಳಲನ್ನೂದಿ, ಎಲ್ಲಿಂದ ಕೇಳಿಸಿತೆಂದು ವಿಚಾರಿಸಿದನು. ಹತ್ತಿರದ ಕಿವಿಗೆ ಶಬ್ದವು ಜೋರು, ದೂರದ ಕಿವಿಗೆ ಮೆಲ್ಲಗೆ. ಈ ಹೆಚ್ಚುಕಡಿಮೆಯೇ ದಿಕ್ಕಿನ ಗುರುತೆಂದು ಅವನು ನಿಶ್ಚಯಿಸಿದನು. ಬಹುಕಾಲ ಇದೇ ಮಾತು ನಡೆಯಿತು. ೧೮೭೬ರಲ್ಲಿ ರ್‍ಯಾಲೆಯು ತನ್ನ ಮನೆಯ ಹುಲ್ಲುಹಾಸಿನ ಮೇಲೆ ತಾನೇ ಕಣ್ಣುಮುಚ್ಚಿ ನಿಂತು ಸುತ್ತಲೂ ಜನರನ್ನು ನಿಲ್ಲಿಸಿದನು. ಮನುಷ್ಯರ ದನಿಯಾದರೆ ದಿಕ್ಕು ಚೆನ್ನಾಗಿ ತಿಳಿಯಿತು. ಶ್ರುತಿಕವಲಿನ ಶುದ್ಧಸ್ವರವಾದರೆ ಎಡ ಬಲಗಳೇನೋ ತಿಳಿದುವು, ಮುಂದೆ ಹಿಂದೆ ತಿಳಿಯಲೊಲ್ಲದು. ಅದಕ್ಕಿಂತಲೂ ದೊಡ್ಡ ತೊಡಕೊಂದಿತ್ತು. ತಗ್ಗು ಸ್ವರಗಳ ಅಲೆಯು ಬಹಳ ಉದ್ದ. ತಲೆಯಷ್ಟು ಚಿಕ್ಕ ವಸ್ತುವು ಅದಕ್ಕೆ ಅಡ್ಡವಾಗಲಾರದು. ಹಾಗಾದರೆ ಎರಡು ಕಿವಿಗಳಿಗೂ ಅದು ಸಮನಾಗಿಯೇ ಕೇಳಬೇಕು, ದಿಕ್ಕು ತಿಳಿಯಲೇಕೂಡದು, ಆದರೆ ತಿಳಿಯುತ್ತಿತ್ತು. ಈ ತೊಡಕನ್ನು ಬಿಡಿಸಲು ಆ ಮಹನೀಯನಿಗೆ ಮೂವತ್ತು ವರ್ಷಗಳು ಬೇಕಾದುವು. ೧೯೦೭ರಲ್ಲಿ ಅವನು ಕೊಟ್ಟ ಉತ್ತರವಿದು: ತಗ್ಗು ಸ್ವರಗಳಲ್ಲಿ ನಾವು ಎಣಿಸುವುದು ಜೋರು ಮೆಲ್ಲಗೆಗಳನ್ನಲ್ಲ, ಒಂದು ಕಿವಿಗೂ ಇನ್ನೊಂದಕ್ಕೂ ಶಬ್ದವು ಮುಟ್ಟುವ ಹೊತ್ತಿನ ಅಂತರವನ್ನು.

ಆ ಹೊತ್ತೆಷ್ಟೆಂಬುದನ್ನು ಕೇಳಿದರೆ ಬೆರಗಾಗುವುದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುತ್ತದೆ. (ನಮ್ಮ ರಾಯಚೂರಿನ ಬೇಸಗೆಯಲ್ಲಿ ೪೦ ಡಿಗ್ರಿಯಾದಾಗ ೩೫೫ ಮೀಟರಾದೀತು, ಬಿಸಿಲಿನ ದೆಸೆಯಿಂದ ನಮಗಾಗುವ ಲಾಭ ಇದೊಂದೇ ಇರಬೇಕು.) ಸರಿಯಾಗಿ ಪಕ್ಕದಿಂದ ಬಂದ ಶಬ್ದವು ಹತ್ತಿರದ ಕಿವಿಯನ್ನು ಮುಟ್ಟಿದ ಮೇಲೆ ತಲೆಯನ್ನು ಬಳಸಿ ದೂರದ ಕಿವಿಯನ್ನು ಮುಟ್ಟಲು ಸೆಕೆಂಡಿನ ೧೫೦೦ನೆಯ ಒಂದು ಭಾಗ ಸಾಕು. ಇದೇ ಅತಿ ದೊಡ್ಡ ಅಂತರ. ಶಬ್ದವು ಮುಂಗಡೆಗೆ ಸರಿದಷ್ಟೂ ಅಂತರವು ಕಿರಿದಾಗಿ, ನೇರವಾಗಿ ಎದುರಿಗೆ ಬಂದಾಗ ಸೊನ್ನೆಯಾಗುತ್ತದೆ. ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ಅಂತರವನ್ನು ಮನುಷ್ಯನು ಗುರುತಿಸಬಲ್ಲನೆಂದು ಪ್ರಯೋಗಗಳು ತೋರಿಸಿವೆ. ಅದರಿಂದಲೇ ಎದುರಿಗಿರುವ ಶಬ್ದವು ಒಂದು ಡಿಗ್ರಿ ಪಕ್ಕಕ್ಕೆ ಸರಿದರೂ ನಮಗೆ ತಿಳಿಯುವುದು. ಮಗ್ಗುಲಿನ ಶಬ್ದದಲ್ಲಿ ಈ ಜಾಣತನವು ಕಡಿಮೆ. ಆದುದರಿಂದಲೇ ಸದ್ದಾದ ಕೂಡಲೆ ನಾವು ಅತ್ತ ಮುಖ ತಿರುಗಿಸುವೆವು.

ಹೆಚ್ಚು ಸ್ವರಗಳಲ್ಲಿ ವೆಂಚುರಿಯ ಮಾತೇ ನಿಜ. ಸೆಕೆಂಡಿಗೆ ೧೫೦೦ ಕಂಪನಗಳಿಗೆ ಮೇಲ್ಪಟ್ಟ ಸ್ವರಗಳ ಅಲೆಯು ತಲೆಯಷ್ಟೇ ಉದ್ದ ಅಥವಾ ಅದಕ್ಕಿಂತ ಗಿಡ್ಡ. ಅವುಗಳಿಗೆ ತಲೆಯು ಅಡ್ಡವಾಗಿ ದೂರದ ಕಿವಿಯ ಮೇಲೆ ನೆರಳನ್ನು ಬೀರುವುದು. ದಾಸರ ಕಾಲಿನ ಗೆಜ್ಜೆ, ಕೈಯ ತಾಳ ಇವುಗಳ ದಿಕ್ಕನ್ನು ಅಜ್ಜಿಯ ಕಿವಿಯು ನೆರಳಿನಿಂದ ಅಳೆಯಿತು. ತಂಬೂರಿಯ ಷಡ್ಜವನ್ನು ಹೊತ್ತಿನಿಂದ ಅಳೆಯಿತು. ಎರಡು ತಕ್ಕಡಿಗಳು ಒಂದೇ ತೂಕವನ್ನು ತೋರಿಸಿದಾಗ ಅವಳು ಮೊರವನ್ನೆತ್ತಿದಳು.

ಲಕ್ಷದ ಒಂದು ಭಾಗದ ಹೊತ್ತನ್ನು ನರಗಳು ಹೇಗೆ ಅಳೆಯಬಲ್ಲುವು? ಅಮೆರಿಕದ ಜೆಫ್ರೆಸ್ ಎಂಬವನು ೧೯೪೮ರಲ್ಲಿ ಒಂದು ಅಂದವಾದ ಊಹೆಯನ್ನು ಮುಂದಿಟ್ಟನು. ಎರಡು ಕಿವಿಗಳ ಸುದ್ದಿಗಳು ಎದುರುಬದುರು ದಾರಿಯಲ್ಲಿ ಬಂದು ಯಾವ ನರಕಣದ ಬಳಿ ಏಕಕಾಲಕ್ಕೆ ಕೂಡುವುವೋ ಆ ಕಣವು ಮಿಡಿಯುವುದು. ಯಾವ ಕಣವು ಮಿಡಿಯಿತೋ ಅದೇ ದಿಕ್ಕು. ಎರಡೂರುಗಳಿಂದ ಹೊರಟ ಇಬ್ಬರು ಎಲ್ಲಿ ಸಂಧಿಸಿದರೆಂಬುದನ್ನು ತಿಳಿದರೆ ಯಾರು ಎಷ್ಟು ಮುಂಚೆ ಹೊರಟರೆಂಬುದು ಗೊತ್ತಾಗುವಂತೆ. ಹಾಳುಬಿದ್ದ ಕೋಟೆಗಳಲ್ಲಿಯೂ ಗುಡಿಗಳ ಬಿರುಕುಗಳಲ್ಲಿಯೂ ವಾಸಿಸುವ ಕಣಜಗೂಬೆಯ ಮಿದುಳಿನಲ್ಲಿ ಈ ಏರ್ಪಾಡು ನಿಜವಾಗಿಯೂ ಇರುವುದೆಂದು ಮುಂದೆ ಕೊನಿಶಿ ಮತ್ತು ಅವನ ಜೊತೆಗಾರರು ಕಂಡುಹಿಡಿದರು. ಮನುಷ್ಯನಲ್ಲಿ ಅದು ಹಾಗೆಯೇ ಇದೆಯೋ ಬೇರೆಯಾಗಿದೆಯೋ ಎಂಬ ಚರ್ಚೆಯು ಇನ್ನೂ ಮುಗಿದಿಲ್ಲ. ಕಣಜಗೂಬೆಯ ಒಂದು ಕಿವಿಯ ತೂತು ಇನ್ನೊಂದಕ್ಕಿಂತ ಮೇಲಿರುವುದರಿಂದ ಅದಕ್ಕೆ ಎಡಬಲಗಳಂತೆಯೇ ಮೇಲು ಕೆಳಗೂ ತಿಳಿಯುವುದು. ಕಗ್ಗತ್ತಲೆಯಲ್ಲಿ ಇಲಿಯ ಕಾಲಸಪ್ಪಳಕ್ಕೆ ಎರಗಿ ಹಿಡಿಯುವ ಈ ಹಕ್ಕಿಯೇ ನಿಜವಾದ ಶಬ್ದವೇಧಿ. ನಮ್ಮ ಜನರು ಇದನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವುದು ವಿಷಾದದ ಸಂಗತಿ.

ನಮಗೆ ಮೇಲುಕೆಳಗನ್ನು ತಿಳಿಸುವುದು ಹೊರಗಿವಿಯ ಮಡಿಕೆಗಳು. ಓಲೆ ಇಡುವುದಕ್ಕೂ ಮೇಷ್ಟರು ಹಿಂಡುವುದಕ್ಕೂ ಮಾತ್ರ ಉಪಯೋಗವೆಂದು ತೋರುವ ಈ ಮಡಿಕೆಗಳಲ್ಲಿ ಶಬ್ದವು ತಾಕಿ ತಿರುಗಿ ಒಳಹೊಗುವಾಗ ಕೆಲವು ಸ್ವರಗಳು ಕುಗ್ಗಿ ಕೆಲವು ಹಿಗ್ಗುವುವು. ಮೇಲಿನಿಂದ ಬಂದ ಶಬ್ದಕ್ಕೆ ಒಂದು ಬಣ್ಣ, ಕೆಳಗಿನದಕ್ಕೆ ಇನ್ನೊಂದು. ಒಬ್ಬರ ಕಿವಿಯ ಮಡಿಕೆ ಇನ್ನೊಬ್ಬರದರಂತಿಲ್ಲವಾದುದರಿಂದ ಪ್ರತಿಯೊಬ್ಬನೂ ತನ್ನ ಕಿವಿಯ ಭಾಷೆಯನ್ನು ಶಿಶುವಾಗಿದ್ದಾಗಿನಿಂದ ತಾನೇ ಕಲಿಯಬೇಕು. ೧೯೯೮ರಲ್ಲಿ ಹಾಲೆಂಡಿನ ವಿದ್ವಾಂಸರು ಕೆಲವರ ಹೊರಗಿವಿಯೊಳಗೆ ಅಚ್ಚುಗಳನ್ನು ತೊಡಿಸಿ ಅದರ ಆಕಾರವನ್ನು ಬದಲಿಸಿದರು. ಮೇಲುಕೆಳಗಿನ ಅರಿವು ಅಂದೇ ಕೆಟ್ಟಿತು. ಅಚ್ಚನ್ನು ತೊಟ್ಟೇ ತಿರುಗಾಡುತ್ತಿರಲು ಕೆಲವು ವಾರಗಳಲ್ಲಿ ಅದು ಮರಳಿ ಬಂದಿತು. ಇನ್ನೂ ಸೋಜಿಗವೆಂದರೆ, ಅಚ್ಚನ್ನು ತೆಗೆದ ಕೂಡಲೆ ಹಳೆಯ ಅರಿವೂ ಕೆಡದೆ ದೊರೆಯಿತು. ಎರಡು ಭಾಷೆ ಬಲ್ಲ ಗಡಿನಾಡಿನವನು ಒಂದನ್ನು ಬಿಟ್ಟು ಇನ್ನೊಂದನ್ನು ಆಡಿದಂತೆ.

ರಾಯಚೂರಿನಲ್ಲಿ ಏಕಮಿನಾರ್ ಮಸೀದಿಯೆಂಬುದೊಂದಿದೆ. ಹಿಜರಿ ೯೧೯, ಎಂದರೆ ೧೫೧೩ರ ಸುಮಾರಿನದು. ಒಂದೇ ಮಿನಾರು, ಎತ್ತರ ಸುಮಾರು ೬೫ ಅಡಿ. ಹಿಂದಿನ ಕಾಲದಲ್ಲಿ ಮಿನಾರಿನ ಮೇಲಿನಿಂದ ಒಬ್ಬನು ಕರೆಯುತ್ತಿದ್ದರೆ ಊರಿನ ಯಾವ ಓಣಿಯಲ್ಲಿ ನಿಂತವನಿಗೂ ಅದು ಯಾವ ದಿಕ್ಕು, ಎಷ್ಟು ಎತ್ತರವೆಂಬುದು ಕಿವಿಗೆ ತಿಳಿಯುತ್ತಿತ್ತು. ಗೋಡೆಗೋಡೆಗೆ ತಾಕಿ ಪ್ರತಿಧ್ವನಿಯು ನೂರು ಕಡೆಯಿಂದ ಬಂದರೂ, ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿಯು ಹಿಡಿದು ಅದರ ಬೆನ್ನಹಿಂದೆಯೇ ಬಂದುವುಗಳನ್ನು ಅದರಲ್ಲಿಯೇ ಸೇರಿಸಿಬಿಡುವುದು. ಈ ನಿಯಮವನ್ನು ೧೯೪೯ರಲ್ಲಿ ವಾಲಾಕನೂ ಅವನ ಸಂಗಡಿಗರೂ ಅಮೆರಿಕದಲ್ಲಿ, ಹಾಸ್ ಎಂಬವನು ಜರ್ಮನಿಯಲ್ಲಿ ಬೇರೆಬೇರೆಯಾಗಿ ವಿವರಿಸಿದರು. ಧ್ವನಿವರ್ಧಕಗಳು ಬಂದ ಮೇಲೆ ಇದೇ ನಿಯಮವು ತಿರುಗಿ ಬಿದ್ದಿದೆ. ಜಾತ್ರೆಯಾಗಲಿ, ಉರುಸಾಗಲಿ, ಚು��ಾವಣೆಯ ಸಭೆಯಾಗಲಿ, ಬೀದಿಯುದ್ದಕ್ಕೂ ಕಂಬಕಂಬಕ್ಕೆ ಕಟ್ಟಿದ ಯಂತ್ರಗಳಲ್ಲಿ ನಮಗೆ ಹತ್ತಿರದ್ದೇ ಮೊದಲು ನುಡಿಯುವುದು. ಭಾಷಣಕಾರನು ಎದುರಿನ ವೇದಿಕೆಯಲ್ಲಿದ್ದರೂ ಅವನ ಮಾತು ನಮ್ಮ ಹಿಂದಿನ ಬೇವಿನಮರದಿಂದ ಬರುವುದು. ದೂರದ ಯಂತ್ರಗಳಿಗೆ ತಕ್ಕಷ್ಟು ತಡವನ್ನು ಕೊಟ್ಟು ಕಟ್ಟಿದರೆ ಮಾತು ವೇದಿಕೆಯಿಂದಲೇ ಬಂದಂತೆ ಕೇಳುವುದು. ಬಲ್ಲವರು ಹಾಗೆ ಕಟ್ಟುವರು. ನಮ್ಮೂರ ಕಡೆ ಕಟ್ಟಿದುದನ್ನು ನಾನು ಕೇಳಿಲ್ಲ.

ಕಳೆದುಹೋದ ದಿಕ್ಕನ್ನು ಯಂತ್ರದಿಂದ ಮರಳಿ ತರುವ ಯತ್ನವೂ ಹೊಸದಲ್ಲ. ೧೮೮೧ರಲ್ಲಿ ಪ್ಯಾರಿಸ್ಸಿನ ವಿದ್ಯುತ್‌ಪ್ರದರ್ಶನದಲ್ಲಿ ಕ್ಲೆಮೆಂಟ್ ಅಡೇರನು ಸಂಗೀತನಾಟಕದ ರಂಗದ ಮುಂದೆ ಎಡಬಲಗಳಲ್ಲಿ ಟೆಲಿಫೋನಿನ ಬಾಯಿಗಳನ್ನು ಸಾಲಾಗಿ ಇರಿಸಿ ತಂತಿಗಳನ್ನು ಪ್ರದರ್ಶನದ ಕಟ್ಟಡಕ್ಕೆ ಎಳೆದನು. ಪ್ರತಿ ಕಿವಿಗೆ ಒಂದರಂತೆ ಎರಡು ಕೇಳುಗೊಳವೆಗಳನ್ನು ಹಿಡಿದವರಿಗೆ ನಟರು ರಂಗದ ಮೇಲೆ ಅತ್ತಿಂದಿತ್ತ ಓಡಾಡುವುದು ಕಿವಿಯಲ್ಲಿಯೇ ಕಂಡಿತು! ಮೊದಲ ಮಹಾಯುದ್ಧದಲ್ಲಿ ಸೈನಿಕರು ದೊಡ್ಡ ಕಹಳೆಗಳನ್ನು ಕಿವಿಗಳಿಗೆ ಜೋಡಿಸಿಕೊಂಡು ವಿಮಾನಗಳ ದಿಕ್ಕನ್ನು ಹುಡುಕಿದರು. ಕಹಳೆಗಳ ನಡುವಣ ದೂರವು ಹೆಚ್ಚಿದುದರಿಂದ ಹೊತ್ತಿನ ಅಂತರವೂ ಹೆಚ್ಚಿ, ಸಾಧಾರಣ ಮನುಷ್ಯನ ತಲೆಯು ರಾಕ್ಷಸನ ತಲೆಯಷ್ಟು ಅಗಲವಾದಂತಾಯಿತು.

ಆದರೆ ಗ್ರಾಮಫೋನು, ಆಕಾಶವಾಣಿ, ಮಾತಿನ ಚಿತ್ರ ಇವು ಮೂರೂ ಮೊದಲು ಬಂದುದು ಒಂಟಿಗಿವಿಯಾಗಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಹೊರಡಿಸಿದಾಗ ಕನ್ನಡಿಗರಿಗೆ ವೀಣೆಯೂ ಮೃದಂಗವೂ ವಾರ್ತೆಯೂ ಪೆಟ್ಟಿಗೆಯ ಒಂದೇ ಬಟ್ಟೆಯ ತೂತಿನಿಂದ ಹೊರಬಂದುವು. ೧೯೩೪ರ ‘ಸತಿ ಸುಲೋಚನ’ದಲ್ಲಿಯೂ ರಾವಣನು ಪರದೆಯ ಎಡಗಡೆ ನಿಂತರೂ ಬಲಗಡೆ ನಿಂತರೂ ದನಿಯ ನೆಲೆಯೊಂದೇ. ನಮ್ಮ ಹಿರಿಯರಿಗೆ ಇದು ಕೊರತೆಯೆಂದು ತೋರಿದಂತಿಲ್ಲ. ಮಾತು ಕೇಳಿಸಿದುದೇ ಸಂತೋಷ. ಇದನ್ನು ಸಹಿಸಲಾರದೆ ಹೋದವನು ಅಲನ್ ಬ್ಲಮ್ಲೈನ್ ಎಂಬ ಇಂಗ್ಲೆಂಡಿನ ತರುಣ ಎಂಜಿನಿಯರು. ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದಾಗ ನಟನು ಒಂದು ಕಡೆ, ದನಿಯು ಇನ್ನೊಂದು ಕಡೆ ಇದ್ದುದನ್ನು ಕಂಡು ಬೇಸರಪಟ್ಟು, ಇದಕ್ಕೆ ಉಪಾಯವನ್ನು ಬಲ್ಲೆನೆಂದು ಹೇಳಿದನೆಂಬ ಕಥೆಯಿದೆ. ೧೯೩೧ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಹಕ್ಕುಪತ್ರದಲ್ಲಿ ಎರಡು ದನಿಗಳನ್ನು ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಬರೆಯುವ ವಿಧಾನವೂ ಸೇರಿದೆ. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದುದು ೧೯೫೮ರ ಸುಮಾರಿಗೆ. ಅದನ್ನು ನೋಡಲು ಬ್ಲಮ್ಲೈನ್ ಇರಲಿಲ್ಲ. ೧೯೪೨ರಲ್ಲಿ, ರೇಡಾರ್ ಯಂತ್ರವನ್ನು ಪರೀಕ್ಷಿಸುತ್ತಿದ್ದ ವಿಮಾನವು ಬಿದ್ದು, ೩೮ ವರ್ಷದವನಾಗಿದ್ದಾಗಲೇ ಗತಿಸಿದ್ದನು.

ಕನ್ನಡನಾಡಿನ ಬಂಡೆಗಳ ನಡುವೆ ಈ ಚರಿತ್ರೆಯ ಒಂದು ಅಧ್ಯಾಯವು ನಡೆಯಿತು. ರಾಮನಗರದ ಗುಡ್ಡಗಳಲ್ಲಿ ತೆಗೆದ ‘ಶೋಲೆ’ಯೆಂಬ ಹಿಂದೀ ಚಿತ್ರವು ೧೯೭೫ರ ಆಗಸ್ಟ್ ೧೫ರಂದು ಎಪ್ಪತ್ತು ಮಿಲಿಮೀಟರಿನ ಪರದೆಯ ಮೇಲೆ ಸ್ಟೀರಿಯೊ ಶಬ್ದದೊಡನೆ ತೆರೆಕಂಡಿತು. ಅದರಲ್ಲಿ ಚಿಮ್ಮಿದ ನಾಣ್ಯವು ಬಿದ್ದು ಉರುಳುವ ಸದ್ದನ್ನು ಕೇಳಿ ಪ್ರೇಕ್ಷಕರು ತಮ್ಮ ಕುರ್ಚಿಗಳ ಕೆಳಗೆ ಬಗ್ಗಿ ನೋಡಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ೨೦೧೨ರಿಂದ ಚಿತ್ರಮಂದಿರಗಳ ಚಾವಣಿಯಲ್ಲಿಯೂ ಧ್ವನಿಯಂತ್ರಗಳನ್ನು ಇರಿಸಿ ಮಳೆಯನ್ನು ನೆತ್ತಿಯ ಮೇಲೆಯೇ ಸುರಿಸುವ ಅಟ್‌ಮಾಸ್ ಪದ್ಧತಿಯು ಬಂದಿದೆ. ಈಗಿನ ಹುಡುಗರು ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಗುಬಟುಗಳಿಗೆ ಕೂಡ ಈ ವಿದ್ಯೆಯುಂಟು. ತಲೆಯೂ ಹೊರಗಿವಿಯೂ ಪ್ರತಿ ದಿಕ್ಕಿನ ಶಬ್ದಕ್ಕೆ ಬಳಿಯುವ ಬಣ್ಣವನ್ನು ಮೊದಲೇ ಅಳೆದಿಟ್ಟುಕೊಂಡು ಅದೇ ಬಣ್ಣವನ್ನು ಲೆಕ್ಕದಿಂದ ಬಳಿದುಕೊಟ್ಟರೆ, ಕಿವಿಯೊಳಗಿನ ದನಿಯು ಹೊರಗೆ, ಎದುರುಗೋಡೆಯ ಬಳಿ ಹಾಡಿದಂತಾಗುವುದು. ಅಳತೆಯು ಪರರ ಕಿವಿಯದಾದರೆ ಮುಂದಿನದು ಹಿಂದೆಂದು ತೋರುವುದೂ ಉಂಟು. ತಲೆ ತಿರುಗಿಸಿದರೆ ದನಿಯು ಜೊತೆಗೆ ತಿರುಗದೆ ಇದ್ದಲ್ಲಿಯೇ ನಿಲ್ಲುವಂತೆ ಮಾಡಿರುವರು. ಅದರಿಂದ ಭ್ರಮೆಯು ಗಟ್ಟಿಯಾಗುತ್ತದೆ. ಎಡಬಲಗಳ ಎರಡು ಗುಬಟುಗಳು ಜಗತ್ತಿನ ಎಲ್ಲ ದಿಕ್ಕುಗಳನ್ನೂ ನಟಿಸಬಲ್ಲುವೆಂದ ಮೇಲೆ, ಬೌದ್ಧರ ಆಕ್ಷೇಪಕ್ಕೆ ಸಮಾಧಾನ ದೊರೆಯಿತೆನ್ನಬಹುದು: ಶಬ್ದವು ಕಿವಿಯನ್ನು ಮುಟ್ಟಿದ ಮೇಲೆಯೇ ದಿಕ್ಕು ಹುಟ್ಟುವುದು, ಅದೂ ಕಿವಿಯಲ್ಲಲ್ಲ, ಎರಡು ಕಿವಿಗಳ ಸಾಕ್ಷ್ಯವನ್ನು ತೂಗುವ ಮಿದುಳಿನಲ್ಲಿ.

ಸಾಕ್ಷಿಯು ಒಂದೇ ಆದರೆ? ಈ ಲೇಖನವನ್ನು ಬರೆಯಲು ತೊಡಗಿದುದು ಈ ಪ್ರಶ್ನೆಯಿಂದಲೇ. ಅಜ್ಜಿಯ ಕಿರಿಯ ಮಗ, ನಮ್ಮ ಸೋದರಮಾವನವರು, ಎಳೆತನದಲ್ಲಿ ಎಡಗಿವಿ ಸೋರುತ್ತಿದ್ದವರು. ಆ ಕಾಲದ ರೂಢಿಯಂತೆ ಬಿಸಿ ಎಣ್ಣೆಯನ್ನು ಬಿಟ್ಟರು, ಬೆಳ್ಳುಳ್ಳಿಯನ್ನು ಸುಟ್ಟಿಟ್ಟರು, ಸೋರುವುದು ನಿಂತಿತು. ಮಾತು ಚೆನ್ನಾಗಿ ಕೇಳುತ್ತಿದ್ದುದರಿಂದ ಆ ಕಿವಿಯು ಕೆಟ್ಟಿದೆಯೆಂದು ಯಾರೂ ತಿಳಿಯಲಿಲ್ಲ. ಹುಡುಗನಿಗೆ ಎಲ್ಲರೂ ಕಟ್ಟಿದ ಹೆಸರು ‘ಲಕ್ಷ್ಯವಿಲ್ಲದವನು’. ಮಾಳಿಗೆಯಿಂದ ಕರೆದರೆ ಹಿತ್ತಲಿಗೆ ಓಡುವನು, ಹಿತ್ತಲಿನಿಂದ ಕರೆದರೆ ಪಡಸಾಲೆಗೆ ಬಂದು ನಿಲ್ಲುವನು. ಓಣಿಯ ದಾಸರನ್ನು ಒಲೆಯ ಮುಂದಿನಿಂದಲೇ ಅಳೆಯುತ್ತಿದ್ದ ಅಜ್ಜಿಗೆ ತನ್ನ ಮಗನು ತನ್ನ ದನಿಯನ್ನೇ ಹುಡುಕಲಾರನೆಂಬುದು ಹೊಳೆಯಲಿಲ್ಲ. “ಎಲ್ಲಿ ಅದ ನಿನ್ನ ಚಿತ್ತ?” ಎಂದು ಗದರಿಸುವಳು, ಕೆಲವೊಮ್ಮೆ ಹೊಡೆಯುವಳು. ಗುಟ್ಟು ಬಯಲಾದುದು ಅವರಿಗೆ ಹತ್ತೊಂಬತ್ತು ತುಂಬಿದಾಗ. ಮುಸ್ಸಂಜೆಯಲ್ಲಿ ರಸ್ತೆಯನ್ನು ದಾಟುತ್ತಿರಲು ಲಾರಿಯ ಹಾರನ್ನು ಕೇಳಿ ಹಿಂದೆ ಸರಿಯುವುದಕ್ಕೆ ಬದಲಾಗಿ ಲಾರಿಯ ಕಡೆಗೇ ಜಿಗಿದರು. ಮಣಿಕಟ್ಟು ಮುರಿದು ಜೀವವು ಉಳಿಯಿತು. ಕೈಗೆ ಪಟ್ಟಿ ಕಟ್ಟಿದ ವೈದ್ಯರೇ ಸಂಶಯಗೊಂಡು ಒಂದೊಂದು ಕಿವಿಯನ್ನು ಮುಚ್ಚಿ ಪರೀಕ್ಷಿಸಿದರು. ಎಡಗಿವಿಯು ಪೂರ್ತಿ ಸತ್ತಿದ್ದಿತು.

ಒಂದೇ ಕಿವಿಯು ಕೆಟ್ಟ ಮಗುವು ಮನೆಯ ಮೌನದಲ್ಲಿ ಸರಿಯಾಗಿಯೇ ಉತ್ತರ ಕೊಡುವುದು, ಮಾತನ್ನೂ ಸಕಾಲದಲ್ಲಿ ಕಲಿಯುವುದು. ದಿಕ್ಕು ತಪ್ಪುವುದು, ಗದ್ದಲದ ಶಾಲೆಯಲ್ಲಿ ಪಾಠ ತಪ್ಪುವುದು, ಕರೆದಾಗ ಬೇರೆ ಕಡೆಗೆ ನೋಡುವುದು ಇವೇ ಅದರ ಗುರುತುಗಳು. ಇವನ್ನು ನಾವು ಅಲಕ್ಷ್ಯವೆಂದು ತಿಳಿಯುತ್ತೇವೆ. ಈಗ ಪರೀಕ್ಷೆಗೆ ಅನುಕೂಲಗಳು ಹೆಚ್ಚಿವೆ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವರು ನಾಡಿನ ಅನೇಕ ಊರುಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಎಳೆಯ ಮಗುವಿನ ಒಂದೊಂದು ಕಿವಿಯನ್ನೂ ಬೇರೆಬೇರೆಯಾಗಿ ಅಳೆಯುವ ಯಂತ್ರಗಳು ಬಂದಿವೆ. ಸೋರುವ ಕಿವಿಗೆ ಎಣ್ಣೆ ಬಿಡುವ ರೂಢಿಯಾದರೋ ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ.

ಮಾವನವರು ಬಳಿಕ ತಲೆಯನ್ನು ಅತ್ತಿತ್ತ ತಿರುಗಿಸಿ ದನಿಯು ಎಲ್ಲಿ ಜೋರಾಗುವುದೆಂದು ನೋಡಿ ದಿಕ್ಕನ್ನು ಊಹಿಸುವುದನ್ನು ತಕ್ಕಮಟ್ಟಿಗೆ ಕಲಿತರು. ಮಾನವಿಯಲ್ಲಿ ದಾಸರ ಆರಾಧನೆಯ ಭಜನೆಗೆ ಹೋದಾಗ ಸಾಲಿನ ಎಡತುದಿಯಲ್ಲಿ ಗೋಡೆಗೆ ಒರಗಿ ಕೂಡುತ್ತಿದ್ದರು. ಹಾಗೆ ಕುಳಿತರೆ ಹಾಡುವವರೆಲ್ಲರೂ ಬಲಗಿವಿಯ ಕಡೆಗಾಗುವರು. ಅಜ್ಜಿಯು ಆಮೇಲೆ ಹನ್ನೆರಡು ವರ್ಷ ಬದುಕಿದ್ದಳು. ಹೊಡೆದುದನ್ನು ಕುರಿತು ಅವಳು ಒಂದು ಮಾತನ್ನೂ ಆಡಿದುದನ್ನು ನಾನು ಕೇಳಲಿಲ್ಲ. ಆದರೆ ಆ ದಿನದಿಂದ ಮಗನನ್ನು ಅವಳು ಕೂಗಿ ಕರೆಯಲಿಲ್ಲ. ಕೆಲಸವಿದ್ದರೆ ಒಲೆಯನ್ನು ಬಿಟ್ಟೆದ್ದು, ನಡುಮನೆಯನ್ನೂ ಪಡಸಾಲೆಯನ್ನೂ ದಾಟಿ, ಅವನಿದ್ದಲ್ಲಿಗೆ ತಾನೇ ಹೋಗಿ, ಬಲಗಡೆ ನಿಂತು ಮಾತಾಡುತ್ತಿದ್ದಳು.